ನಿಯಮ ಪಾಲಿಸಿದ ಅಡ್ಮಿನ್‌ಗೆ ನಿದ್ದೆ ಬರಲಿಲ್ಲ

ನಲವತ್ತರ ಆಸುಪಾಸಿನ ಮಹಿಳೆ. ನನ್ನ ಬಳಿ ಆಪ್ತಸಲಹೆಗೆ ಬಂದಾಗ ಹೇಳಿಕೊಂಡದ್ದು ನಿದ್ದೆಯ ತೊಂದರೆ: ನಡುರಾತ್ರಿ ಎಚ್ಚರವಾಗುತ್ತದೆ, ಕೈ ತಾನಾಗಿ ಫೋನಿಗೆ ಹೋಗುತ್ತದೆ, ಒಮ್ಮೆ ವಾಟ್ಸ್‌ಆ್ಯಪ್ ಗುಂಪು ತೆರೆದರೆ ಮತ್ತೆ ಕಣ್ಣು ಹತ್ತುವುದಿಲ್ಲ. ಮನೆಯಲ್ಲಾಗಲಿ ಕೆಲಸದಲ್ಲಾಗಲಿ ಹೇಳಿಕೊಳ್ಳುವಂಥ ಚಿಂತೆ ಇರಲಿಲ್ಲ. (ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಆಕೆ ಆಕಾಶ ವೀಕ್ಷಣೆಯ ಹವ್ಯಾಸಿಗಳ ವಾಟ್ಸ್‌ಆ್ಯಪ್ ಗುಂಪೊಂದರ ಅಡ್ಮಿನ್. ಟೆಲಿಸ್ಕೋಪಿನ ಕನ್ನಡಿಯನ್ನು ಸರಿಹೊಂದಿಸುವುದು ಹೇಗೆ, ಶನಿಯ ಉಂಗುರ ನೋಡಲು ಯಾವ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಸಾಕು ಎಂಬಂಥ ಮಾತಿಗೆಂದೇ ಕಟ್ಟಿದ ಗುಂಪು. ಜನ ಹೆಚ್ಚಿದಂತೆ ಶುಭೋದಯದ ಚಿತ್ರಗಳು ಬಂದವು, ಆರೋಗ್ಯದ ಫಾರ್ವರ್ಡ್‌ಗಳು ಬಂದವು, ಚುನಾವಣೆ ಬಂದಾಗ ಜಗಳವೂ ಬಂತು. ರೋಸಿಹೋದ ಆಕೆ ಆಕಾಶ ಬಿಟ್ಟು ಬೇರೆ ಮಾತು ಕೂಡದು, ಹಾಕಿದರೆ ಅಳಿಸುತ್ತೇನೆ ಎಂದು ನಿಯಮ ಬರೆದರು. ಅದರಂತೆಯೇ ನಡೆದುಕೊಂಡರು.

ಆ ಗುಂಪಿನಲ್ಲಿ ಹೊಸಬರ ಪ್ರಶ್ನೆಗೆಲ್ಲ ತಾಳ್ಮೆಯಿಂದ ಉತ್ತರಿಸುತ್ತಿದ್ದ ಹಿರಿಯರೊಬ್ಬರಿದ್ದರು. ಒಂದು ರಾತ್ರಿ ಅವರು ಹೀಗೆ ಬರೆದರು: ‘ನನ್ನ ಹೆಂಡತಿ ಇವತ್ತು ತೀರಿಕೊಂಡಳು. ಗ್ರಹಣ ನೋಡುವಾಗಲೆಲ್ಲ ಜೊತೆಗಿರುತ್ತಿದ್ದಳು.’ ಸಂತಾಪದ ಸಂದೇಶಗಳು ಒಂದರ ಹಿಂದೊಂದು ಬಂದವು. ಅಷ್ಟರಲ್ಲಿ ಸದಸ್ಯರೊಬ್ಬರು, ‘ನಿನ್ನೆ ನನ್ನ ಪೋಸ್ಟ್ ತೆಗೆದಿರಿ, ಇದಕ್ಕೆ ನಿಯಮ ಇಲ್ಲವೇ?’ ಎಂದು ಆಕೆಗೆ ನೇರವಾಗಿ ಕೇಳಿದರು. ಪಕ್ಷಪಾತಿ ಎನ್ನಿಸಿಕೊಳ್ಳುವ ಹೆದರಿಕೆಗೆ ಆಕೆ ಎಲ್ಲವನ್ನೂ ಅಳಿಸಿದರು. ವಾಟ್ಸ್‌ಆ್ಯಪ್‌ನಲ್ಲಿ ಅಡ್ಮಿನ್ ಅಳಿಸಿದ ಸಂದೇಶ ಪೂರ್ತಿ ಮಾಯವಾಗುವುದಿಲ್ಲ. ಯಾವ ಅಡ್ಮಿನ್ ಅಳಿಸಿದರು ಎಂಬ ಸಾಲು ಅಲ್ಲೇ ಉಳಿಯುತ್ತದೆ. ಸತ್ತವರ ಸುದ್ದಿ ಇದ್ದ ಜಾಗದಲ್ಲಿ ಈಗ ಆಕೆಯ ಹೆಸರಿತ್ತು. ಹಿರಿಯರು ಏನೂ ಹೇಳದೆ ಗುಂಪು ಬಿಟ್ಟರು. ಆಮೇಲೆ ಎದ್ದ ಗಲಾಟೆಯಲ್ಲಿ ಆಕಾಶದ ಮಾತೇ ನಿಂತುಹೋಯಿತು.

ಅಳಿಸಿದ ಪ್ರತಿ ಸಂದೇಶದ ಸ್ಕ್ರೀನ್‌ಶಾಟನ್ನೂ ಆಕೆ ಇಟ್ಟುಕೊಂಡಿದ್ದರು, ಯಾರಾದರೂ ಪ್ರಶ್ನಿಸಿದರೆ ಸಾಕ್ಷಿ ಇರಲಿ ಎಂದು. ಅವನ್ನು ಒಂದೊಂದಾಗಿ ಓದಿ ಹೇಳಲು ಕೇಳಿದೆ. ವ್ಯಾಪಾರದ ಜಾಹೀರಾತು, ಕ್ಯಾನ್ಸರಿಗೆ ಮನೆಮದ್ದು, ಪಕ್ಷಗಳ ಬೈದಾಟ. ಅವುಗಳ ನಡುವೆಯೇ ಮಗಳಿಗೆ ಕೆಲಸ ಸಿಕ್ಕಿತೆಂಬ ಸಂತೋಷ, ಕಣ್ಣಿನ ಪೊರೆ ತೆಗೆಸಿಕೊಂಡವರೊಬ್ಬರ ಭಯ. ಓದುತ್ತ ಓದುತ್ತ ಆಕೆಯ ದನಿ ಕುಗ್ಗಿತು. ‘ಇವನ್ನೆಲ್ಲ ಒಂದೇ ಬುಟ್ಟಿಗೆ ಹಾಕಿದ್ದೆ’ ಎಂದರು. ಜಾಹೀರಾತು ಹಾಕುವವನಿಗೆ ಗುಂಪಿನ ಮೇಲೆ ಪ್ರೀತಿಯಿಲ್ಲ. ಪೊರೆಯ ಭಯ ಹೇಳಿಕೊಂಡವರು ಮಾತ್ರ ಈ ಜನ ನನ್ನವರು ಎಂದು ನಂಬಿ ಹೇಳಿದ್ದಾರೆ. ಇವೆರಡನ್ನೂ ವಿಷಯಾಂತರ ಎಂಬ ಒಂದೇ ಹೆಸರಿನಲ್ಲಿ ಅಳಿಸಿದರೆ ಒಳ್ಳೆಯವರೇ ಮೊದಲು ದೂರವಾಗುತ್ತಾರೆ ಎಂಬುದು ನನ್ನ ದೃಢ ಅಭಿಪ್ರಾಯ.

ಈ ತೊಡಕು ನಿಮ್ಮೊಬ್ಬರದಲ್ಲ ಎಂದೂ ಹೇಳಿದೆ. ಯೂಸ್‌ನೆಟ್ ಎಂಬ ಹಳೆಯ ಚರ್ಚಾಜಾಲವನ್ನು 1987ರಲ್ಲಿ ಹೊಸದಾಗಿ ವಿಂಗಡಿಸಿದಾಗ ಹವ್ಯಾಸಗಳಿಗೆ ಒಂದು ವಿಭಾಗ ಮಾಡಿದರು, ಮುಗಿಯದ ವಾದಗಳಿಗೆ ‘ಟಾಕ್’ ಎಂಬ ಬೇರೆಯೇ ವಿಭಾಗ ಮಾಡಿದರು. ವಿಷಯ ಬಿಟ್ಟು ಬರೆಯುವವರು ತಲೆಬರಹದಲ್ಲೇ ‘ಓಟಿ’ (ಆಫ್ ಟಾಪಿಕ್, ಅಂದರೆ ವಿಷಯಕ್ಕೆ ಹೊರತಾದದ್ದು) ಎಂದು ಗುರುತು ಹಾಕುವ ವಾಡಿಕೆಯೂ ಅಲ್ಲಿತ್ತು, ಬೇಡದವರು ದಾಟಿಹೋಗಲಿ ಎಂದು. ಹೆಣಿಗೆಯವರ ದೊಡ್ಡ ತಾಣ ರಾವೆಲ್ರಿ 2019ರ ಜೂನ್‌ನಲ್ಲಿ ಟ್ರಂಪ್ ಮತ್ತು ಅವರ ಸರ್ಕಾರವನ್ನು ಬೆಂಬಲಿಸುವ ಬರಹಗಳನ್ನು ನಿಷೇಧಿಸಿತು. ಆಡುವವರು ಪಾತ್ರಗಳಾಗಿ ಕತೆ ನಡೆಸುವ ರೋಲ್‌ಪ್ಲೇ ಆಟಗಳ ತಾಣ ಆರ್‌ಪಿಜಿ.ನೆಟ್ ಅಂಥದೇ ನಿರ್ಧಾರವನ್ನು 2018ರಲ್ಲೇ ಮಾಡಿತ್ತು. ಆ ನಿರ್ಧಾರಗಳನ್ನು ಒಪ್ಪುವವರೂ ಇದ್ದಾರೆ, ಖಂಡಿಸುವವರೂ ಇದ್ದಾರೆ. ಎಲ್ಲರಿಗೂ ಹಿಡಿಸುವ ಗೆರೆಯನ್ನು ಯಾರಿಂದಲೂ ಎಳೆಯಲಾಗಿಲ್ಲ. ಈ ಮಾತು ಕೇಳಿದ ಮೇಲೆ ಆಕೆ ಕುರ್ಚಿಗೆ ಒರಗಿ ಕೂತರು. ಅಲ್ಲಿಯವರೆಗೂ ತುದಿಯಲ್ಲೇ ಕೂತಿದ್ದರು.

ಪಕ್ಷಪಾತದ ಆರೋಪ ಆಕೆಗೆ ಅಷ್ಟು ಚುಚ್ಚುವುದೇಕೆ ಎಂಬುದರ ಬಗ್ಗೆ ಎರಡು ಭೇಟಿಗಳಲ್ಲಿ ಮಾತಾಡಿದೆವು. ಮನೆಗೆ ಹಿರಿಯ ಮಗಳಾಗಿ, ತಮ್ಮ ತಂಗಿಯರ ಜಗಳ ಬಿಡಿಸುತ್ತ ಬೆಳೆದವರು. ಆ ಭಾಗವನ್ನು ಇಲ್ಲಿ ಬಿಡಿಸಿ ಹೇಳುವುದು ಬೇಡ.

ಗುಂಪಿಗೆ ಸಂಬಂಧಿಸಿ ನಾನು ಕೊಟ್ಟ ಸಲಹೆ: ಹರಟೆಗೆ ಪಕ್ಕದಲ್ಲೇ ಒಂದು ಜಾಗ ಮಾಡಿಕೊಡಿ. ಹಲವು ಗುಂಪುಗಳನ್ನು ಒಂದೇ ಸೂರಿನಡಿ ಇಡುವ ವಾಟ್ಸ್‌ಆ್ಯಪ್‌ನ ಕಮ್ಯುನಿಟಿಯಲ್ಲಿ ಎರಡನೇ ಗುಂಪು ತೆರೆಯಬಹುದು, ಟೆಲಿಗ್ರಾಂ ಗುಂಪಿನಲ್ಲಾದರೆ ವಿಷಯವಾರು ವಿಭಾಗ ಮಾಡಬಹುದು. ದಾರಿ ತಪ್ಪಿದ ಸಂದೇಶ ಕಂಡರೆ ಅಳಿಸುವ ಮೊದಲು ಬರೆದವರಿಗೆ ಪ್ರತ್ಯೇಕವಾಗಿ ಒಂದು ಮಾತು ಹೇಳಿ, ‘ಇದನ್ನು ಅಲ್ಲಿ ಹಾಕುತ್ತೀರಾ?’ ಎಂದು. ಜಾಹೀರಾತಿಗೆ, ಸುಳ್ಳು ಔಷಧಿಗೆ ಈ ಉಪಚಾರ ಬೇಕಿಲ್ಲ, ತೆಗೆದುಬಿಡಿ. ಸದಸ್ಯರ ಸಾವು ನೋವಿನ ಸುದ್ದಿಗೆ ನಿಯಮ ಅಡ್ಡಿಯಲ್ಲ ಎಂದು ನಿಯಮದಲ್ಲೇ ಬರೆಯಿರಿ. ಬರೆದಿಟ್ಟ ವಿನಾಯಿತಿಯನ್ನು ಪಕ್ಷಪಾತ ಎನ್ನುವುದು ಕಷ್ಟ. ಪಕ್ಷ ರಾಜಕೀಯವನ್ನು ಹರಟೆಯ ಜಾಗದಲ್ಲೂ ಬಿಟ್ಟುಕೊಳ್ಳಬೇಡಿ ಎಂದೆ, ಏಕೆಂದರೆ ಅಲ್ಲಿ ಜಗಳವಾಡಿದವರು ಇಲ್ಲಿ ಬಂದು ಒಬ್ಬರಿಗೊಬ್ಬರು ಸಹಾಯ ಮಾಡುವುದಿಲ್ಲ. ಆದರೆ ಬೀದಿದೀಪಗಳ ಬೆಳಕು ಇರುಳಿನ ಆಕಾಶವನ್ನು ನುಂಗುತ್ತಿರುವ ಬಗ್ಗೆ, 2019ರಿಂದ ಸಾಲುಸಾಲಾಗಿ ಮೇಲೇರುತ್ತಿರುವ, ಇಂಟರ್‌ನೆಟ್ ಒದಗಿಸುವ ಸ್ಟಾರ್‌ಲಿಂಕ್ ಉಪಗ್ರಹಗಳು ಫೋಟೋಗಳಲ್ಲಿ ಗೀರು ಬಿಡುವ ಬಗ್ಗೆ ಮಾತು ಬಂದರೆ ಸರ್ಕಾರವೂ ಕಂಪನಿಯೂ ಅದರಲ್ಲಿ ಬಂದೇ ಬರುತ್ತವೆ. ಅದು ಆಕಾಶದ ಮಾತೇ. ಅದನ್ನು ತಡೆಯಬೇಡಿ.

ಆಕೆಗೆ ಸಂಬಂಧಿಸಿದ್ದು: ಇನ್ನಿಬ್ಬರನ್ನು ಅಡ್ಮಿನ್ ಮಾಡಿ ಸರದಿ ಹಾಕಿಕೊಳ್ಳುವುದು, ಫೋನನ್ನು ಮಲಗುವ ಕೋಣೆಯ ಹೊರಗಿಡುವುದು, ಸ್ಕ್ರೀನ್‌ಶಾಟ್‌ಗಳನ್ನೆಲ್ಲ ತೆಗೆದುಹಾಕುವುದು. ಕೊನೆಯದಕ್ಕೆ ಬಹಳ ಹಿಂಜರಿದರು.

ಹಿರಿಯರಿಗೆ ಬರೆಯುವ ಕ್ಷಮಾಪಣೆಗೇ ಹೆಚ್ಚು ಹೊತ್ತು ಹಿಡಿಯಿತು. ಮೊದಲ ಕರಡಿನ ತುಂಬ ನಿಯಮದ ವಿವರಣೆ, ದೂರು ಕೊಟ್ಟವರ ಪ್ರಸ್ತಾಪ, ಕೊನೆಗೆ ‘ದಯವಿಟ್ಟು ವಾಪಸ್ ಬನ್ನಿ’. ಹೆಂಡತಿಯನ್ನು ಕಳೆದುಕೊಂಡವರ ಮೇಲೆ ಗುಂಪಿನ ಮಾನ ಉಳಿಸುವ ಹೊರೆ ಹಾಕಬೇಡಿ ಎಂದೆ. ಇಬ್ಬರೂ ಕೂತು ಒಂದೊಂದೇ ವಾಕ್ಯ ಹೊಡೆದುಹಾಕಿದೆವು. ಕೊನೆಗೆ ಉಳಿದದ್ದು: ‘ಸರ್, ಮೇಡಂ ತೀರಿಕೊಂಡ ಸುದ್ದಿಯನ್ನು ಅಳಿಸಿದ್ದು ನಾನೇ. ಹಾಗೆ ಮಾಡಬಾರದಿತ್ತು. ಕ್ಷಮಿಸಿ. ಅವರು ನಿಮ್ಮ ಜೊತೆ ಗ್ರಹಣ ನೋಡುತ್ತಿದ್ದರೆಂದು ಬರೆದಿದ್ದಿರಿ, ಅದು ನನ್ನ ಮನಸ್ಸಿನಲ್ಲಿದೆ. ಇದಕ್ಕೆ ಉತ್ತರ ಬರೆಯಲೇಬೇಕೆಂದಿಲ್ಲ.’

ಅವರು ಉತ್ತರಿಸಿದರು. ಗುಂಪಿಗೆ ಮರಳಿಲ್ಲ, ಮರಳುವ ಮಾತೂ ಎತ್ತಿಲ್ಲ. ಅದನ್ನು ಹಾಗೆಯೇ ಬಿಡಲು ಆಕೆ ಈಗ ಸಿದ್ಧರಿದ್ದಾರೆ. ನಿದ್ದೆ ಬಹುಪಾಲು ಸುಧಾರಿಸಿದೆ; ಮತ್ತೆ ವಾರಗಟ್ಟಲೆ ಕೆಟ್ಟರೆ ತಡಮಾಡದೆ ವೈದ್ಯರನ್ನು ಕಾಣಬೇಕೆಂದು ತಿಳಿಸಿದ್ದೇನೆ. ಅಡ್ಮಿನ್ ಕೆಲಸವನ್ನೇ ಬಿಡಬಹುದೇ ಎಂದು ಕೇಳಿದರು. ಖಂಡಿತ ಬಿಡಬಹುದು ಎಂದೆ, ಹೊಸಬರಿಬ್ಬರಿಗೆ ಕೆಲಸ ರೂಢಿಯಾದ ಮೇಲೆ.