ಬಾಟಲಿಯ ಬೆಟ್ಟ ಮತ್ತು ನಮ್ಮ ಬೆಟ್ಟ

ಪ್ರಶ್ನೆ: ಅಕ್ಕಾ, ನಮಸ್ಕಾರ. ನನ್ನ ತಮ್ಮ ಹೊರದೇಶದಿಂದ ಬರುವಾಗ ಒಂದು ಸೆಂಟು ತಂದುಕೊಟ್ಟ. ಡಬ್ಬಿಯ ಮೇಲೆ ಹಿಮದ ಬೆಟ್ಟ, ಬಿಳಿ ಹೂವು. ಬೆಟ್ಟದ ಪ್ರಕೃತಿಯನ್ನು ನೋಡಿ ಮಾಡಿದ ಹೂವಿನ ಪರಿಮಳವಂತೆ. ಬರ್ಗಮಾಟ್, ಲಿಲಿ ಆಫ್ ದಿ ವ್ಯಾಲಿ, ಮಲ್ಲಿಗೆ, ಸೀಡರ್ ಮರ, ಮಸ್ಕ್ ಅಂತೆಲ್ಲ ಬರೆದಿದೆ. ಹಾಕಿದ ಕೂಡಲೇ ತುಂಬಾ ಚೆನ್ನಾಗಿರುತ್ತೆ. ಅರ್ಧ ಗಂಟೆ ಕಳೆದರೆ ನುಸಿಗುಳಿಗೆ ವಾಸನೆ! ಮೊನ್ನೆ ನಮ್ಮ ಅತ್ತೆ, “ಬೀರು ಬಾಗಿಲು ಯಾರು ತೆಗೆದಿಟ್ಟಿದ್ದು?” ಅಂತ ಕೇಳಿದರು. ಸೆಂಟು ನಕಲಿಯಾ, ಇಲ್ಲಾ ನನ್ನ ಮೈಗೆ ಆಗಲ್ವಾ? ಬೆಟ್ಟದಲ್ಲೇ ಹುಟ್ಟಿ ಬೆಳೆದವಳಿಗೆ ಬೆಟ್ಟದ ಸೆಂಟೇ ಒಗ್ಗದಿದ್ದರೆ ಹೇಗೆ ಹೇಳಿ.
— ಓದುಗಿ, ನಾಪೋಕ್ಲು

ಉತ್ತರ: ಮೊದಲು ನಿಮ್ಮ ಅತ್ತೆಯವರ ಮೂಗಿಗೆ ನನ್ನದೊಂದು ನಮಸ್ಕಾರ ಹೇಳಿ. ಅವರು ಸುಮ್ನೆ ಕೊಂಕು ತೆಗೆದದ್ದಲ್ಲ. ಮಲ್ಲಿಗೆಯಲ್ಲಿ ಇಂಡೋಲ್ ಎಂಬ ವಸ್ತು ಹುಟ್ಟಿನಿಂದಲೇ ಇರುತ್ತದೆ. ಚೂರೇ ಚೂರು ಇದ್ದರೆ ಹೂವಿಗೆ ಆ ಅಮಲು ಬರುವುದು ಅದರಿಂದಲೇ. ಜಾಸ್ತಿಯಾದರೆ ನುಸಿಗುಳಿಗೆ, ಇನ್ನೂ ಜಾಸ್ತಿಯಾದರೆ ಹೇಳಬಾರದ ವಾಸನೆ. ನಂಬಿಕೆ ಬರದಿದ್ದರೆ ಮದುವೆಗೆ ಮುಡಿದ ಮಲ್ಲಿಗೆ ದಂಡೆಯನ್ನು ರಾತ್ರಿ ಪ್ಲಾಸ್ಟಿಕ್ ಕವರಿನಲ್ಲೇ ಕಟ್ಟಿಟ್ಟು ಬೆಳಿಗ್ಗೆ ಬಿಚ್ಚಿ ನೋಡಿ. ಮೂಗಿಗೆ ಮೊದಲು ಬಡಿಯುವುದು ಹೂವಲ್ಲ.

ಹಾಗಾದರೆ ಹಾಕಿದ ಕೂಡಲೇ ಯಾಕೆ ಚೆನ್ನಾಗಿತ್ತು? ಸೆಂಟಿನಲ್ಲಿರುವ ಎಲ್ಲವೂ ಒಟ್ಟಿಗೆ ಹಾರುವುದಿಲ್ಲ. ಬರ್ಗಮಾಟ್ ಒಂದು ಬಗೆಯ ಹುಳಿಹಣ್ಣು, ಅದರ ಸಿಪ್ಪೆಯ ಎಣ್ಣೆ ಹಗುರ. ಇಪ್ಪತ್ತು ಮೂವತ್ತು ನಿಮಿಷದಲ್ಲಿ ಅದು ಹೊರಟುಹೋಗುತ್ತದೆ. ಆಮೇಲೆ ಹೂವುಗಳ ಸರದಿ. ಕೊನೆಗೆ ಉಳಿಯುವುದು ಮರ ಮತ್ತು ಮಸ್ಕ್, ಅಂದರೆ ಕಸ್ತೂರಿಯಂಥ ಘಮ. ನಿಮ್ಮ ಅತ್ತೆ ಬಂದದ್ದು ಸರಿಯಾಗಿ ಮಲ್ಲಿಗೆ ಎದ್ದು ನಿಂತ ಹೊತ್ತಿಗೆ, ಅಷ್ಟೇ.

ಇದೇ ಜಾತಿಯ ಸೆಂಟು ನನ್ನ ಹತ್ತಿರವೂ ಒಂದಿದೆ. ನಾದಿನಿಯ ಮಗಳು ಕೊಟ್ಟದ್ದು. ನಿಮ್ಮ ಪತ್ರ ಬಂದ ಮೇಲೆ ಬೇಕೆಂದೇ ಅದನ್ನು ಹಾಕಿಕೊಂಡು ಮನೆಗೆಲಸ ಮಾಡಿದೆ. ಮೊದಲ ಐದು ನಿಮಿಷ ನಮ್ಮ ಕೊಡಗಿನ ಕಿತ್ತಳೆಯ ನೆನಪೇ ಬಂತು. ಸಡಿಲ ಸಿಪ್ಪೆಗೆ ಉಗುರು ಹಾಕಿದಾಗ ಹನಿ ಸಿಡಿದು ಕಣ್ಣು ಉರಿಯುತ್ತದಲ್ಲ, ಆ ಘಾಟು. ಒಲೆಯ ಮೇಲೆ ಅನ್ನ ಇಡುವಷ್ಟರಲ್ಲಿ ಅದು ಹೋಗಿ ತಣ್ಣಗಿನ, ಆಗ ತಾನೇ ಸೋಪು ಹಾಕಿ ಒಗೆದ ಬಟ್ಟೆಯಂಥ ಹೂವು ಬಂತು. ಅದೇ ಲಿಲಿ. ಹಿಂದೆಯೇ ಮಲ್ಲಿಗೆ ದಪ್ಪಗೆ ಬಂದು ಕೂತಿತು. ಒಂದು ಗಂಟೆ ಹೊತ್ತು ನನಗೂ ಅದು ಭಾರವೆನಿಸಿತು, ಕಿಟಕಿ ತೆಗೆದೆ. ಮಧ್ಯಾಹ್ನ ಊಟ ಮುಗಿಸಿ ಕೂತಾಗ ಸ್ವೆಟರಿನ ಕಾಲರಿನಲ್ಲಿ ಹೂವೇ ಇಲ್ಲ. ಆಗಷ್ಟೇ ಕೆತ್ತಿದ ಪೆನ್ಸಿಲಿನ ವಾಸನೆ, ಒಣ, ಸ್ವಲ್ಪ ಸಿಹಿ. ಪೆನ್ಸಿಲಿಗೂ ಸೀಡರ್ ಮರವನ್ನೇ ಬಳಸುತ್ತಾರೆ, ಹಾಗಾಗಿ ಆಶ್ಚರ್ಯವಿಲ್ಲ. ಸೆಂಟಿನಲ್ಲಿ ನನಗೆ ಅತಿ ಇಷ್ಟವಾದದ್ದು ಆ ಕೊನೆಯ ಭಾಗವೇ. ಅಂಗಡಿಯಲ್ಲಿ ಮೂಸಿ ಕೊಳ್ಳುವವರಿಗೆ ಅದು ಗೊತ್ತೇ ಆಗುವುದಿಲ್ಲ.

ಈಗ ಬೆಟ್ಟದ ವಿಷಯ. ನಿಮ್ಮ ಪ್ರಶ್ನೆಯ ನಿಜವಾದ ಗಂಟು ಇಲ್ಲಿದೆ ಅಂತ ನನಗನಿಸುತ್ತದೆ. ಆ ಬಾಟಲಿಯಲ್ಲಿರುವುದು ಯುರೋಪಿನ ಬೆಟ್ಟ. ಹಿಮ, ಒಣ ಗಾಳಿ, ವಸಂತದಲ್ಲಿ ಕಾಡಿನ ನೆರಳಲ್ಲಿ ಅರಳುವ ಪುಟ್ಟ ಬಿಳಿ ಗಂಟೆ ಹೂವು, ಅದೇ ಲಿಲಿ ಆಫ್ ದಿ ವ್ಯಾಲಿ. ಶುಭ್ರ ಎನ್ನುವುದೇ ಅವರಿಗೆ ಬೆಟ್ಟ. ನಮ್ಮದು ಹಾಗಿದೆಯಾ? ತಡಿಯಂಡಮೋಳ್ ಬೆಟ್ಟದ ಕಡೆ ಮಳೆಗಾಲದಲ್ಲಿ ಒಂದು ಹೆಜ್ಜೆ ಇಟ್ಟು ನೋಡಿ. ಕೊಳೆತ ಎಲೆ, ಪಾಚಿ, ಹಸಿ ಮಣ್ಣು, ಅದರ ನಡುವೆ ಎಲ್ಲೋ ಕಾಡು ಏಲಕ್ಕಿ. ಮನೆಯೊಳಗೆ ಬಂದರೆ ಒಲೆಯ ಮೇಲೆ ಒಣಗಲು ಹಾಕಿದ ಬಟ್ಟೆಯ ಹೊಗೆ. ನಮ್ಮ ಕಕ್ಕಡ ತಿಂಗಳ 18ರಂದು, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದುಸೊಪ್ಪು ಕುದಿಸಿದಾಗ ಪಾತ್ರೆಯ ನೀರು ನೇರಳೆ ಬಣ್ಣಕ್ಕೆ ತಿರುಗಿ ಅಡುಗೆಮನೆ ತುಂಬಾ ಹಬ್ಬುವ ಆ ಕಾಡು ಘಮವನ್ನು ಯಾವ ಕಂಪನಿ ಬಾಟಲಿಗೆ ತುಂಬಿದೆ?

ನಮ್ಮ ಹೂವಿನ ಕಾಲವೂ ಬೇರೆ. ಹೂಮಳೆ ಬಿದ್ದು ಅಥವಾ ಸ್ಪ್ರಿಂಕ್ಲರ್ ಹಾಕಿ ಒಂದು ವಾರ, ಹತ್ತು ದಿನಕ್ಕೆ ರೊಬಸ್ಟಾ ಕಾಫಿ ತೋಟ ಒಮ್ಮೆಗೇ ಅರಳುತ್ತದೆ. ಗೆಣ್ಣು ಗೆಣ್ಣಿನಲ್ಲೂ ಬಿಳಿ ಗೊಂಚಲು. ಪರಿಮಳ ಮಲ್ಲಿಗೆಗೆ ಹತ್ತಿರ, ಆದರೆ ಅದಕ್ಕಿಂತ ಹಸಿರು, ತುದಿಯಲ್ಲಿ ಜೇನಿನ ಸಿಹಿ. ಬೆಳಿಗ್ಗೆ ಮಂಜಿನಲ್ಲಿ ತೆಳುವಾಗಿರುತ್ತದೆ. ಹತ್ತು ಗಂಟೆಯ ಬಿಸಿಲು ಬಿದ್ದ ಮೇಲೆ ತೋಟದೊಳಗೆ ನಿಂತರೆ ತಲೆ ಭಾರವಾಗುತ್ತದೆ. ಮೂರ‍್ನಾಲ್ಕು ದಿನಕ್ಕೆ ಎಸಳು ಕಂದಿ ಉದುರಿತು, ಮುಗಿಯಿತು. ಆ ಹೂವಿನದೇ ಸೆಂಟು ಯಾಕೆ ಮಾಡಲ್ಲ ಅಂತ ಪೇಟೆಯ ನೆಂಟರು ಕೇಳುತ್ತಾರೆ. ಹೂ ಕಿತ್ತರೆ ಕಾಯಿ ಎಲ್ಲಿಂದ ಬರಬೇಕು? ವರ್ಷದ ಬೆಳೆ ನಿಂತಿರುವುದೇ ಅದರ ಮೇಲೆ.

ಹಾಗಂತ ಬಾಟಲಿಯವರು ಮೋಸ ಮಾಡಿದ್ದಾರೆ ಅಂತ ನಾನು ಹೇಳಲ್ಲ. ಲಿಲಿ ಆಫ್ ದಿ ವ್ಯಾಲಿ ಹೂವಿನಿಂದ ಸೆಂಟಿಗೆ ಬೇಕಾದ ಎಣ್ಣೆ ಇಳಿಯುವುದೇ ಇಲ್ಲ. ಆ ಹೂವಿನ ಹೆಸರಿರುವ ಸೆಂಟುಗಳಲ್ಲೆಲ್ಲ ಪರಿಮಳ ಕಟ್ಟುವುದು ಬೇರೆ ವಸ್ತುಗಳಿಂದ. 1956ರಲ್ಲಿ ಡಿಯೋರ್ ಕಂಪನಿಗೆ ಡಿಯೋರಿಸಿಮೋ ಎಂಬ ಹೆಸರಾಂತ ಸೆಂಟು ಮಾಡಿಕೊಟ್ಟ ಎಡ್ಮಂಡ್ ರುಡ್ನಿಟ್ಸ್ಕಾ, ದಕ್ಷಿಣ ಫ್ರಾನ್ಸಿನ ಗುಡ್ಡದ ಊರಾದ ಕಾಬ್ರಿಯ ತನ್ನ ತೋಟದಲ್ಲಿ ಆ ಗಿಡವನ್ನೇ ಬೆಳೆಸಿ, ಮೂಸಿ ಮೂಸಿ ಅದರ ಪರಿಮಳ ಕಟ್ಟಿದ. ಅಂದರೆ ಬಾಟಲಿಯಲ್ಲಿರುವುದು ಹೂವಲ್ಲ, ಹೂವನ್ನು ಚೆನ್ನಾಗಿ ಬಲ್ಲವನೊಬ್ಬನ ಕೈಗುಣ. ನನಗೆ ಅದರಲ್ಲಿ ತಕರಾರಿಲ್ಲ. ಡಬ್ಬಿಯ ಮೇಲಿನ ಬೆಟ್ಟವನ್ನು ಮರೆತು, ಒಂದು ಒಳ್ಳೆಯ ಬಿಳಿ ಹೂವಿನ ಸೆಂಟು ಅಂತ ಹಾಕಿಕೊಳ್ಳಿ. ಆಗ ಜಗಳ ಅರ್ಧ ಮುಗಿಯುತ್ತದೆ.

ಉಳಿದ ಅರ್ಧ ಕಾಲಕ್ಕೆ ಸಂಬಂಧಿಸಿದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಪೋಕ್ಲಿನಲ್ಲಿ ಕಿಟಕಿ ತೆಗೆಯುವುದೇ ಅಪರೂಪ, ಅಲ್ವಾ? ಮುಚ್ಚಿದ ಮನೆ, ಉಣ್ಣೆ ಬಟ್ಟೆ, ಹೊಗೆ, ಬೀರುವಿನ ಬೂಷ್ಟು. ಅದರ ಮೇಲೆ ಮಲ್ಲಿಗೆ ಸೆಂಟು ಬಿದ್ದರೆ ಹೋಗಲು ಜಾಗವಿಲ್ಲದೆ ಕೋಣೆಯಲ್ಲೇ ಕೂರುತ್ತದೆ. ಆಗ ಬೇಡ. ಡಿಸೆಂಬರ್, ಜನವರಿಯ ಒಣ ಚಳಿಗೆ ಇಡಿ. ಚಳಿಯಲ್ಲಿ ಸೆಂಟು ನಿಧಾನವಾಗಿ ಏಳುತ್ತದೆ, ಆದ್ದರಿಂದ ಸ್ವೆಟರಿನ ಮೇಲೆ ಅಲ್ಲ, ಒಳಗೆ, ಎದೆಯ ಹತ್ತಿರ ಒಂದೇ ಸಲ ಒತ್ತಿ. ಮೈಬಿಸಿ ಸಾಕು. ಚರ್ಮ ಒಡೆದಿದ್ದರೆ ಮೊದಲು ವಾಸನೆಯಿಲ್ಲದ ಕ್ರೀಮು ಹಚ್ಚಿ, ಒಣ ಚರ್ಮದ ಮೇಲೆ ಸೆಂಟು ನಿಲ್ಲುವುದಿಲ್ಲ. ಕೊಬ್ಬರಿ ಎಣ್ಣೆ ಬೇಡ, ಅದು ತನ್ನ ಮಾತನ್ನೇ ಜೋರಾಗಿ ಹೇಳುತ್ತದೆ. ರೇಷ್ಮೆ ಸೀರೆಗಂತೂ ಹೊಡೆಯಲೇಬೇಡಿ, ಕಲೆ ಕೂತರೆ ಹೋಗಲ್ಲ.

ನುಸಿಗುಳಿಗೆಗೆ ನನ್ನದೊಂದು ಉಪಾಯ ಇದೆ. ಮೊದಲು ಮಣಿಕಟ್ಟಿಗೆ ಶ್ರೀಗಂಧದ ಎಣ್ಣೆ ಒಂದು ಕಡ್ಡಿ ತುದಿಯಷ್ಟು ಮುಟ್ಟಿಸಿ, ಅದರ ಮೇಲೆ ಸೆಂಟು. ಮಲ್ಲಿಗೆಯ ಚೂಪು ಮೆತ್ತಗಾಗುತ್ತದೆ. ಇದು ನನ್ನ ಕಂಡುಹಿಡಿಕೆಯಲ್ಲ. ಉತ್ತರದ ಅತ್ತರು ಕಸುಬಿನವರು ಹಿಂದಿನಿಂದಲೂ ಹೂವಿನ ಘಮವನ್ನು ಗಂಧದೆಣ್ಣೆಗೇ ಇಳಿಸಿದವರು. ಮೈಸೂರಿನ ಗಂಧದೆಣ್ಣೆ ಕಾರ್ಖಾನೆಗೆ ನೂರು ವರ್ಷ ದಾಟಿದೆ, ನಮಗೆ ಗಂಧ ದೂರದ್ದೇನಲ್ಲ. ಬೆಲೆ ಮಾತ್ರ ಕೇಳಬೇಡಿ.

ಇನ್ನೊಂದು ಮಾತು. ಹಾಕಿಕೊಂಡವರ ಮೂಗು ಬೇಗ ಒಗ್ಗಿಹೋಗುತ್ತದೆ. “ಹೋಯ್ತಲ್ಲ” ಅಂತ ಮತ್ತೆ ಮತ್ತೆ ಒತ್ತುವವರೇ ಬಸ್ಸಿನಲ್ಲಿ ಪಕ್ಕದವರ ತಲೆ ಹಿಡಿಸುವುದು. ಹೋಗಿದೆಯಾ ಇಲ್ಲವಾ ಅಂತ ನಿಮ್ಮ ಅತ್ತೆಯವರನ್ನೇ ಕೇಳಿ. ಮತ್ತೆ, ಹಬ್ಬದ ಊಟಕ್ಕೆ ಹೋಗುವಾಗ ಸೆಂಟು ವ್ಯರ್ಥ. ಪಂದಿಕರಿಗೆ (ಹಂದಿಮಾಂಸದ ಸಾರಿಗೆ) ಕಾಚಂಪುಳಿ ಎಂಬ ನಮ್ಮ ಹುಳಿ ಬಿದ್ದ ಹೊತ್ತಿಗೆ ಯಾವ ಫ್ರೆಂಚ್ ಹೂವೂ ಎದುರು ನಿಲ್ಲಲ್ಲ.

ಪ್ರಶ್ನೆ: ಸೆಂಟು ಅಂಗಡಿಯಲ್ಲಿ ನಡುನಡುವೆ ಕಾಫಿ ಬೀಜ ಮೂಸಲು ಕೊಡುತ್ತಾರೆ, ಮೂಗು ಸರಿಯಾಗುತ್ತದೆ ಅಂತ. ನಿಜವಾ? ಮಳೆ ಬಿದ್ದ ಮಣ್ಣಿನ ಸೆಂಟು ಅಂತಲೂ ಇದೆಯಂತೆ, ಹೌದಾ?
— ಕಾಲೇಜು ವಿದ್ಯಾರ್ಥಿನಿ, ಸೋಮವಾರಪೇಟೆ

ಉತ್ತರ: ಕಾಫಿ ಬೀಜ ಮೂಸಿದರೆ ಮೂಗು ಸರಿಯಾಗುವುದಾದರೆ ಕೊಡಗಿನವರ ಮೂಗು ಪ್ರಪಂಚಕ್ಕೇ ಮೊದಲಾಗಬೇಕಿತ್ತು! ಬೀಜವೂ ಇನ್ನೊಂದು ಗಟ್ಟಿ ವಾಸನೆಯೇ. ಅಂಗಡಿಯಿಂದ ಹೊರಗೆ ಬಂದು ಸುಮ್ನೆ ಗಾಳಿ ಕುಡಿಯಿರಿ, ಇಲ್ಲವೇ ನಿಮ್ಮದೇ ಬಟ್ಟೆಯ ತೋಳು ಮೂಸಿ. ಒಂದು ಸಲಕ್ಕೆ ಮೂರಕ್ಕಿಂತ ಜಾಸ್ತಿ ಸೆಂಟು ನೋಡಬೇಡಿ.

ಮಣ್ಣಿನ ಅತ್ತರು ಇದೆ. ಉತ್ತರ ಪ್ರದೇಶದ ಕನ್ನೌಜಿನಲ್ಲಿ ಸುಟ್ಟ ಮಣ್ಣನ್ನು ತಾಮ್ರದ ಹಂಡೆಯಲ್ಲಿ ನೀರಿನೊಂದಿಗೆ ಕಾಯಿಸಿ, ಆ ಆವಿಯನ್ನು ಗಂಧದೆಣ್ಣೆಗೆ ಇಳಿಸುತ್ತಾರೆ. ಮಿಟ್ಟಿ ಅತ್ತರು ಅಂತ ಕೇಳಿ. ಆದರೆ ಅದು ಬಯಲಿನ ಮಣ್ಣು, ಬೇಸಿಗೆ ಕಾದ ಮೇಲೆ ಬಿದ್ದ ಮೊದಲ ಮಳೆ. ತಿಂಗಳುಗಟ್ಟಲೆ ನೆನೆದ ನಮ್ಮ ಮಣ್ಣಿನ ವಾಸನೆ ಅದರಲ್ಲಿ ಹುಡುಕಬೇಡಿ.

ಪ್ರಶ್ನೆ: ಕಾಫಿ ಹೂವಿನ ಸಮಯದಲ್ಲಿ ಸೆಂಟು ಹಾಕಿಕೊಂಡು ತೋಟಕ್ಕೆ ಹೋಗಬಾರದು, ಜೇನು ಮುತ್ತುತ್ತದೆ ಅಂತ ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಹೇಳುತ್ತಾರೆ. ತಮಾಷೆಗೋ, ನಿಜಕ್ಕೋ?
— ಯುವ ಬೆಳೆಗಾರ, ಸಿದ್ದಾಪುರ

ಉತ್ತರ: ರೈಟರ್ ಮಾತು ಕೇಳಿ. ಜೇನು ಸಾಕುವವರೂ ಪೆಟ್ಟಿಗೆ ತೆರೆಯುವ ದಿನ ಸೆಂಟು ಮುಟ್ಟಲ್ಲ. ಅದರಲ್ಲೂ ಬಾಳೆಹಣ್ಣಿನಂಥ ಸಿಹಿ ವಾಸನೆಯದ್ದು ಬೇಡವೇ ಬೇಡ. ಜೇನು ಚುಚ್ಚಿದಾಗ ಉಳಿದವಕ್ಕೆ ‘ಬನ್ನಿ’ ಅಂತ ಹೇಳಲು ಬಿಡುವ ವಸ್ತುವಿಗೂ ಬಾಳೆಹಣ್ಣಿನದೇ ವಾಸನೆ. ಪೆಟ್ಟಿಗೆಯ ತುಡುವೆ ಜೇನು ಸಾಧು, ಮರದ ಮೇಲಿನ ಹೆಜ್ಜೇನು ಹಾಗಲ್ಲ. ಎದ್ದರೆ ಕೈ ಬೀಸುತ್ತಾ ನಿಲ್ಲಬೇಡಿ, ಕೆರೆಗೂ ಹಾರಬೇಡಿ, ಅವು ಮೇಲೆಯೇ ಕಾಯುತ್ತವೆ. ಮುಖ ಮುಚ್ಚಿಕೊಂಡು ಓಡಿ ಜೀಪಿನೊಳಗೋ ಮನೆಯೊಳಗೋ ಸೇರಿ, ಬಾಗಿಲು ಹಾಕಿ.