ಮಕ್ಕಳನ್ನು ಕರೆದುಕೊಂಡು ಕ್ರೂಸ್‌ಗೆ ಹೊರಟವರಿಗೆ

ಸಿಂಗಾಪುರದಿಂದ ನಾಲ್ಕು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದೀರಿ. ಜೊತೆಗೆ ಒಂಬತ್ತು ವರ್ಷದ ಮಗ, ಎರಡೂವರೆ ವರ್ಷದ ಮಗಳು, ಅತ್ತೆ, ಮಾವ. ಮಕ್ಕಳ ಗಲಾಟೆಯಿಂದ ಬೇರೆ ಪ್ರಯಾಣಿಕರಿಗೆ ತೊಂದರೆ ಆಗುತ್ತದಾ, ಭಾರತದ ಕುಟುಂಬ ಕಂಡರೆ ಕೆಲವರು ಮುಖ ಸಿಂಡರಿಸುತ್ತಾರಂತೆ ನಿಜಾನಾ, ಮೊದಲೇ ಏನೇನು ಹೇಳಿಕೊಟ್ಟು ಕರೆದುಕೊಂಡು ಹೋಗಬೇಕು ಅಂತ ಕೇಳಿದ್ದೀರಿ.

ನಾನು ಉಡುಪಿ ಕಡೆಯವನು. ಆರು ಕಾಂಟ್ರಾಕ್ಟ್, ಅಂದರೆ ಏಳೆಂಟು ತಿಂಗಳಿನ ಆರು ಸರದಿ, ಕ್ರೂಸ್ ಹಡಗುಗಳಲ್ಲಿ ದುಡಿದಿದ್ದೇನೆ. ಮೊದಲ ಎರಡು ಹೌಸ್‌ಕೀಪಿಂಗ್‌ನಲ್ಲಿ, ಆಮೇಲಿನ ನಾಲ್ಕು ಊಟದ ಹಾಲ್‌ನಲ್ಲಿ. ಹಾಗಾಗಿ ನಾನು ಹೇಳುವುದೆಲ್ಲ ಟ್ರೇ ಹಿಡಿದವನ, ಹಾಸಿಗೆ ಮಡಚಿದವನ ಕಡೆಯಿಂದ ಕಂಡದ್ದು.

ಮೊದಲು ಒಂದು ಸಮಾಧಾನದ ಮಾತು. ಮಗು ಅತ್ತರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎರಡೂವರೆ ವರ್ಷದ ಮಗು ಹೊಸ ಜಾಗ, ಹೊಸ ಹಾಸಿಗೆ, ಕಾಲಡಿ ಅಲುಗಾಡುವ ನೆಲ ನೋಡಿ ಅಳದೆ ಇನ್ನೇನು ಮಾಡೀತು? ಆರು ಕಾಂಟ್ರಾಕ್ಟ್‌ನಲ್ಲಿ ಮಗು ಅತ್ತಿತು ಅಂತ ದೂರು ಕೊಟ್ಟವರನ್ನು ನಾನು ನೋಡಿಲ್ಲ. ದೂರು ಬರುತ್ತಿದ್ದದ್ದು ಬೇರೆ ವಿಷಯಗಳಿಗೆ, ಮತ್ತು ಅವುಗಳಲ್ಲಿ ಜಾಸ್ತಿ ಪಾಲು ದೊಡ್ಡವರು ಸುಮ್ನೆ ನೋಡುತ್ತಾ ಕೂತದ್ದಕ್ಕೆ.

ಹಡಗು ಅಂದ ತಕ್ಷಣ ನಮ್ಮ ಜನಕ್ಕೆ ರೆಸಾರ್ಟ್ ನೆನಪಾಗುತ್ತದೆ. ನನ್ನ ಕೇಳಿದರೆ ಅದು ಹಳೇ ಬೆಂಗಳೂರಿನ ವಠಾರದ ಹಾಗೆ. ಒಂದೇ ಉದ್ದನೆಯ ಓಣಿ, ಎರಡೂ ಕಡೆ ಸಾಲಾಗಿ ಬಾಗಿಲು, ತೆಳ್ಳಗಿನ ಗೋಡೆ. ಪಕ್ಕದವರು ಕೆಮ್ಮಿದರೆ ಕೇಳುತ್ತದೆ. ರೆಸಾರ್ಟ್‌ನಲ್ಲಿ ಗಲಾಟೆ ಜಾಸ್ತಿಯಾದರೆ ಎದ್ದು ತೋಟದ ಆಚೆ ಹೋಗಿ ಕೂರಬಹುದು, ಇಲ್ಲಿ ಸಮುದ್ರದ ನಡುವೆ ಎಲ್ಲಿಗೆ ಹೋಗುತ್ತಾರೆ? ಮಗನಿಗೆ ಅಜ್ಜಿ ಹತ್ತಿರ ವಠಾರದ ಕಥೆ ಹೇಳಿಸಿ. ಅದು ಅರ್ಥವಾದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು.

ಆ ಓಣಿಯದ್ದೇ ಒಂದು ಘಟನೆ. ನನ್ನ ಎರಡನೇ ಕಾಂಟ್ರಾಕ್ಟ್‌ನಲ್ಲಿ ನನಗೆ ಹದಿನೆಂಟು ಕ್ಯಾಬಿನ್ ಇತ್ತು. ಬಾಗಿಲ ಪಕ್ಕದಲ್ಲಿ ಒಂದು ಕಾರ್ಡ್ ಸಿಕ್ಕಿಸುವ ಜಾಗ ಇರುತ್ತದೆ, ಒಂದು ಬದಿ 'ತೊಂದರೆ ಕೊಡಬೇಡಿ', ಇನ್ನೊಂದು ಬದಿ 'ರೂಮ್ ಕ್ಲೀನ್ ಮಾಡಿ'. ಒಂದು ಬೆಳಿಗ್ಗೆ ಯಾರೋ ಹುಡುಗ ಆಟಕ್ಕೆ ಇಡೀ ಸಾಲಿನ ಕಾರ್ಡ್‌ಗಳನ್ನು ತಿರುಗಿಸಿಬಿಟ್ಟಿದ್ದ. ನಾನು ಎಂದಿನ ಹಾಗೆ ಮೂರು ಸಲ ಬಾಗಿಲು ತಟ್ಟಿ, ಕೂಗಿ ಹೇಳಿ, ಒಳಗೆ ಕಾಲಿಟ್ಟೆ. ಒಳಗೆ ಎಪ್ಪತ್ತು ದಾಟಿದ ಒಬ್ಬ ಅಮ್ಮ, ರಾತ್ರಿಯೆಲ್ಲ ವಾಂತಿ ಮಾಡಿಕೊಂಡು ಆಗಷ್ಟೇ ನಿದ್ದೆ ಹತ್ತಿದ್ದವರು, ಬೆಚ್ಚಿಬಿದ್ದು ಎದ್ದು ಕೂತರು. ಹೆದರಿಕೆಗೆ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಿದ್ದರು. ಅವರ ಕೈ ನಡುಗುತ್ತಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ದೂರು ನನ್ನ ಹೆಸರಿಗೆ ಹೋಯಿತು. ಸಂಜೆ ಆ ಹುಡುಗನ ಅಪ್ಪನಿಗೆ ವಿಷಯ ಗೊತ್ತಾಯಿತು, ಅವರು ಎಲ್ಲರೆದುರು ಬೈಯಲಿಲ್ಲ, ಹೊಡೆಯಲಿಲ್ಲ. ಹುಡುಗನನ್ನು ಕರೆದುಕೊಂಡು ಆ ಅಮ್ಮನ ಬಾಗಿಲಿಗೆ ಹೋಗಿ, ಪಕ್ಕಕ್ಕೆ ಸರಿದು ನಿಂತರು. ಮಾತಾಡಬೇಕಾದವನು ಅವನೇ. ಆಮೇಲೆ ನನ್ನ ಹತ್ತಿರ ಬಂದು ನನಗೂ ಹೇಳಿಸಿದರು. ಆ ಅಪ್ಪನ ಮೇಲೆ ನನಗೆ ತುಂಬಾ ಗೌರವ.

ನಿಮ್ಮ ಮಗನಿಗೂ ಇದನ್ನೇ ಮೊದಲು ಹೇಳಿ. ಕಾರಿಡಾರ್ ಓಡುವ ಜಾಗ ಅಲ್ಲ, ಅಲ್ಲಿ ಗೋಡೆ ಪಕ್ಕ ನಮ್ಮ ಗಾಡಿ ನಿಂತಿರುತ್ತದೆ, ಬಾಗಿಲು ಒಮ್ಮೆಲೇ ತೆರೆಯುತ್ತದೆ. ಕ್ಯಾಬಿನ್ ಬಾಗಿಲು ತುಂಬಾ ಭಾರ, ಬಿಟ್ಟರೆ ದಡಾರ್ ಅಂತ ಬಡಿಯುತ್ತದೆ, ಕೈಯಲ್ಲಿ ಹಿಡಿದು ಮುಚ್ಚಬೇಕು. ಮಗಳ ಬೆರಳು ಅದರ ಸಂದಿಗೆ ಸಿಗದ ಹಾಗೆ ನೋಡಿಕೊಳ್ಳಿ, ಅಂಥ ಬೆರಳುಗಳನ್ನು ನಾನು ನೋಡಿದ್ದೇನೆ.

ಹಡಗು ಹತ್ತಿದ ದಿನ ಮಸ್ಟರ್ ಡ್ರಿಲ್ ಇರುತ್ತದೆ. ಅಪಾಯ ಬಂದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಹಾಕಬೇಕು ಅಂತ ತೋರಿಸುವುದು. ಈಗ ಕೆಲವು ಹಡಗುಗಳಲ್ಲಿ ಫೋನ್‌ನಲ್ಲೋ ಟಿವಿಯಲ್ಲೋ ವಿಡಿಯೋ ನೋಡಿ, ನಿಮ್ಮ ಜಾಗಕ್ಕೆ ಹೋಗಿ ಹಾಜರಿ ಹಾಕಿಸಿ ಬಂದರೆ ಸಾಕು. ಜನ ಇದನ್ನು ಬೇಕಾಬಿಟ್ಟಿ ಮಾಡುತ್ತಾರೆ, ಹಿಂದೆ ನಿಂತು ಸೆಲ್ಫಿ ತೆಗೆಯುತ್ತಾರೆ, ಮಕ್ಕಳೂ ಅದನ್ನೇ ಕಲಿಯುತ್ತವೆ. 2012ರ ಜನವರಿ 13ರಂದು ಇಟಲಿಯ ಜಿಲಿಯೋ ದ್ವೀಪದ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು ವಾಲಿತಲ್ಲ, 32 ಜನ ಸತ್ತರು. ಆ ಸಂಜೆಯಷ್ಟೇ ಹತ್ತಿದ್ದವರಿಗೆ ಡ್ರಿಲ್ ಆಗಿರಲೇ ಇಲ್ಲ. ಆಗಿನ ನಿಯಮದಲ್ಲಿ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಆಮೇಲೆ ನಿಯಮ ಬದಲಾಗಿ, ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಲೇಬೇಕು ಅಂತಾಯಿತು. ಏಳು ಸಲ ಚಿಕ್ಕದಾಗಿ, ಆಮೇಲೆ ಒಂದು ಸಲ ಉದ್ದಕ್ಕೆ ಸೈರನ್ ಆದರೆ ಅಪಾಯ, ಸೇರುವ ಜಾಗಕ್ಕೆ ಹೋಗಬೇಕು ಅಂತ ನಿಮ್ಮ ಮಗ ಅಜ್ಜನಿಗೆ ಹೇಳಿಕೊಡಲಿ. ಆ ವಯಸ್ಸಿನ ಮಕ್ಕಳಿಗೆ ಇಂಥ ಜವಾಬ್ದಾರಿ ಕೊಟ್ಟರೆ ಎಷ್ಟು ಚೆಂದ ಮಾಡುತ್ತಾರೆ ಗೊತ್ತಾ. ಮಕ್ಕಳ ಕೈಗೆ ಮಸ್ಟರ್ ಸ್ಟೇಷನ್, ಅಂದರೆ ಆ ಸೇರುವ ಜಾಗದ ನಂಬರ್ ಇರುವ ಪಟ್ಟಿ ಕಟ್ಟಿದರೆ ಅದನ್ನು ಬಿಚ್ಚಬೇಡಿ, ಸ್ನಾನ ಮಾಡಿಸುವಾಗಲೂ ಇರಲಿ.

ಇನ್ನು ಬಾಲ್ಕನಿ. ಇದರಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ, ಬೇಜಾರಾಗಬೇಡಿ. ಮಗಳನ್ನು ಎತ್ತಿಕೊಂಡು ರೇಲಿಂಗ್ ಹತ್ತಿರ, ಕಿಟಕಿ ಹತ್ತಿರ ಸಮುದ್ರ ತೋರಿಸಬೇಡಿ, ಮಾವನವರಿಗೂ ಹೇಳಿ. 2019ರ ಜುಲೈನಲ್ಲಿ ಪೋರ್ಟೊ ರಿಕೋದ ಸಾನ್ ಹ್ವಾನ್ ಬಂದರಿನಲ್ಲಿ ನಿಂತಿದ್ದ ಹಡಗಿನ 11ನೇ ಡೆಕ್‌ನ ತೆರೆದ ಕಿಟಕಿಯಿಂದ ಒಂದೂವರೆ ವರ್ಷದ ಮಗು ಕೆಳಗೆ ಬಿದ್ದು ತೀರಿಕೊಂಡಿತು. ಎತ್ತಿ ಹಿಡಿದಿದ್ದವರು ಸ್ವಂತ ಅಜ್ಜ. ಪ್ರೀತಿಯಿಂದಲೇ ಎತ್ತಿದ್ದು. ನೆನೆದರೆ ಈಗಲೂ ಹೊಟ್ಟೆ ಕಿವಿಚುತ್ತದೆ. ಬಾಲ್ಕನಿಯ ಕುರ್ಚಿಯನ್ನು ರೇಲಿಂಗ್‌ನಿಂದ ದೂರ ಎಳೆದಿಡಿ. ಬಾಗಿಲಿನ ಮೇಲಿನ ಚಿಲಕ ಯಾವಾಗಲೂ ಹಾಕಿರಲಿ. ಮತ್ತೆ ಪಂಚೆ, ಟವೆಲ್, ಮಕ್ಕಳ ಒದ್ದೆ ಬಟ್ಟೆ ರೇಲಿಂಗ್ ಮೇಲೆ ಒಣಗಿಸಬಾರದು. ಸಮುದ್ರದ ಗಾಳಿಗೆ ಅದು ಹಾರಿ ಇನ್ನೊಬ್ಬರ ಬಾಲ್ಕನಿಗೆ ಬೀಳುತ್ತದೆ. ಬಾತ್‌ರೂಮಿನಲ್ಲಿ ಬಟ್ಟೆ ಒಣಗಿಸಲು ಎಳೆದು ಸಿಕ್ಕಿಸುವ ಹಗ್ಗ ಹೆಚ್ಚಾಗಿ ಇರುತ್ತದೆ, ಅಲ್ಲಿ ಹಾಕಿ.

ಈಜುಕೊಳದ ವಿಷಯ ನಿಮಗೆ ಮುಖ್ಯ. ಅನೇಕ ಹಡಗುಗಳಲ್ಲಿ ಡಯಾಪರ್ ಬಿಡದ ಮಕ್ಕಳನ್ನು ದೊಡ್ಡ ಕೊಳಕ್ಕೆ ಇಳಿಸುವ ಹಾಗಿಲ್ಲ. ಸ್ವಿಮ್ ಡಯಾಪರ್ ಹಾಕಿದರೂ ಇಲ್ಲ. ಕೆಲವು ಹಡಗುಗಳಲ್ಲಿ ಪುಟ್ಟ ಮಕ್ಕಳಿಗೇ ಬೇರೆ ನೀರಿನ ಜಾಗ ಇರುತ್ತದೆ, ಬುಕ್ ಮಾಡಿದ ಏಜೆಂಟ್ ಹತ್ತಿರ ಈಗಲೇ ಕೇಳಿ. ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ಮಗು ಅಳುತ್ತದೆ, ನಿಮಗೂ ಕಾವಲಿನ ಹುಡುಗನಿಗೂ ವಾದ ಶುರುವಾಗುತ್ತದೆ. ಆ ಹುಡುಗ ನಿಯಮ ಮಾಡಿದವನಲ್ಲ. ಒಂದು ಮಗು ನೀರಿನಲ್ಲಿ ಗಲೀಜು ಮಾಡಿದರೆ ಕೊಳ ಮುಚ್ಚಿ, ನೀರು ಖಾಲಿ ಮಾಡಿ, ತೊಳೆದು, ಔಷಧಿ ಹಾಕಿ, ಮತ್ತೆ ತುಂಬಬೇಕು. ಅಷ್ಟು ಹೊತ್ತು ನೂರಾರು ಮಕ್ಕಳು ಟವೆಲ್ ಸುತ್ತಿಕೊಂಡು ಕಾಯುತ್ತಾ ಕೂರುತ್ತಾರೆ. ಬಿಸಿನೀರಿನ ತೊಟ್ಟಿಗೆ ಅನೇಕ ಕಡೆ 16 ವರ್ಷದ ಮೇಲಿನವರಿಗೆ ಮಾತ್ರ ಪ್ರವೇಶ. ಅಪ್ಪ ಅಮ್ಮ ಜೊತೆಗಿದ್ದರೂ ಚಿಕ್ಕವರಿಗೆ ಇಲ್ಲ.

ಬಫೆ ಬಗ್ಗೆ ಹೇಳಲೇಬೇಕು. ಒಂದು ಸಂಜೆ ಐದಾರು ವರ್ಷದ ಹುಡುಗ ಬನ್ನುಗಳ ತಟ್ಟೆಯ ಮುಂದೆ ನಿಂತು ಒಂದೊಂದನ್ನೇ ಬೆರಳಿನಿಂದ ಒತ್ತಿ ನೋಡುತ್ತಿದ್ದ, ಯಾವುದು ಮೆತ್ತಗಿದೆ ಅಂತ. ಅವನ ಅಪ್ಪ ಪಕ್ಕದಲ್ಲೇ ವಿಡಿಯೋ ಮಾಡುತ್ತಿದ್ದರು. ನಾನು ಬಂದು ಇಡೀ ತಟ್ಟೆ ಎತ್ತಿಕೊಂಡು ಹೋದೆ, ನಲವತ್ತು ಬನ್ನು ಕಸಕ್ಕೆ. ಮೂರು ಗಂಟೆಗೇ ಎದ್ದು ಅದನ್ನು ಸುಟ್ಟವನು ನನ್ನ ರೂಮ್‌ಮೇಟ್. ಅವನಿಗೆ ನಾನು ಹೇಳಲೇ ಇಲ್ಲ.

ಇದು ಬರೀ ಶಿಸ್ತಿನ ಮಾತಲ್ಲ. ಹಡಗಿನಲ್ಲಿ ನೊರೊವೈರಸ್ ಅಂತ ಒಂದು ಇದೆ, ವಾಂತಿ ಭೇದಿ ತರುತ್ತದೆ, ಕೈಯಿಂದ ಕೈಗೆ, ಚಮಚದಿಂದ ಚಮಚಕ್ಕೆ ಹರಡುತ್ತದೆ. ಬಾಗಿಲಲ್ಲಿ ಇಟ್ಟಿರುವ ಸ್ಯಾನಿಟೈಸರ್ ಇದಕ್ಕೆ ಸಾಲದು. ಸೋಪು ಹಾಕಿ 20 ಸೆಕೆಂಡ್ ಉಜ್ಜಿ ತೊಳೆಯಬೇಕು. ಊಟಕ್ಕೆ ಮೊದಲು, ಟಾಯ್ಲೆಟ್ ಆದ ಮೇಲೆ, ಡಯಾಪರ್ ಬದಲಿಸಿದ ಮೇಲೆ, ಮೆಟ್ಟಿಲಿನ ಕಂಬಿ ಹಿಡಿದು ಬಂದ ಮೇಲೆ. ನಾವು ಕೈಯಲ್ಲಿ ಊಟ ಮಾಡುವವರು, ನಮಗೆ ಇದು ಇನ್ನೂ ಮುಖ್ಯ ಅಲ್ವಾ? ಮಗಳಿಗೆ ನೀವೇ ಬಡಿಸಿ. ಮಗ ಚಿಮಟ ಹಿಡಿದು ಹಾಕಿಕೊಳ್ಳಲಿ, ಒಮ್ಮೆ ಎಂಜಲಾದ ತಟ್ಟೆ ಬಿಟ್ಟು ಎರಡನೇ ಸಲಕ್ಕೆ ಹೊಸ ತಟ್ಟೆ ತೆಗೆದುಕೊಳ್ಳಲಿ.

ಮಗುವಿಗೆ ವಾಂತಿಯೋ ಭೇದಿಯೋ ಆದರೆ ದಯವಿಟ್ಟು ಮುಚ್ಚಿಡಬೇಡಿ. ಕ್ಯಾಬಿನ್‌ನಲ್ಲೇ ಇರಿ ಅಂದುಬಿಡುತ್ತಾರೆ, ರಜೆ ಹಾಳಾಗುತ್ತದೆ ಅಂತ ಹೆದರಿ ಅಮ್ಮಂದಿರು ತಾವೇ ಟವೆಲ್‌ನಿಂದ ಒರೆಸಿ, ಟವೆಲ್ ಮಡಚಿ ಬುಟ್ಟಿಗೆ ಹಾಕುತ್ತಾರೆ. ಆ ಟವೆಲ್ ಬರಿಗೈಯಲ್ಲಿ ಎತ್ತುವವನು ಕ್ಯಾಬಿನ್ ಹುಡುಗ. ಅವನು ಮುಂದೆ ಹದಿನೇಳು ಕ್ಯಾಬಿನ್‌ಗೆ ಹೋಗುತ್ತಾನೆ. ಫೋನ್ ಮಾಡಿ ಹೇಳಿದರೆ ಸಾಕು, ಅದಕ್ಕೇ ಬೇರೆ ತಂಡ ಇದೆ, ಗ್ಲೌಸ್, ಮಾಸ್ಕ್, ಔಷಧಿ ಎಲ್ಲ ತರುತ್ತಾರೆ. ನಿಮ್ಮನ್ನು ಯಾರೂ ಬೈಯುವುದಿಲ್ಲ.

ಊಟದ ಹಾಲ್‌ನಲ್ಲಿ ನನ್ನ ಒಂದೇ ಬೇಡಿಕೆ, ಮಕ್ಕಳು ಮೇಜಿನ ಕೆಳಗೆ, ಕುರ್ಚಿಗಳ ಸಂದಿಯಲ್ಲಿ ನುಸುಳಬಾರದು. ಹೆಗಲ ಮೇಲೆ ಹತ್ತು ತಟ್ಟೆ ಬಿಸಿ ಊಟ ಇಟ್ಟುಕೊಂಡು ಬರುವವನಿಗೆ ಕಾಲಡಿ ಇರುವ ಮಗು ಕಾಣುವುದೇ ಇಲ್ಲ. ಮೇಲಿಂದ ಹಡಗು ಬೇರೆ ವಾಲುತ್ತಿರುತ್ತದೆ. ಸೂಪ್ ಚೆಲ್ಲಿದರೆ ಸುಡುವುದು ಮಗುವಿಗೆ. ಎರಡೂವರೆ ವರ್ಷದ ಮಗು ಒಂದೂವರೆ ಗಂಟೆ ಕೂರುವುದಿಲ್ಲ, ಅದು ತಪ್ಪೂ ಅಲ್ಲ. ಅವಳಿಗೆ ಮೊದಲೇ ಅನ್ನ ಮೊಸರು ತಂದುಕೊಡಿ ಅಂತ ಕೇಳಿ, ಖುಷಿಯಿಂದ ತರುತ್ತಾರೆ. ಅತ್ತೆ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲವಾದರೆ ಮೊದಲ ರಾತ್ರಿಯೇ ಹೆಡ್ ವೇಟರ್‌ಗೆ ಹೇಳಿ. ಮೂರನೇ ದಿನ ಹೇಳಿ ಕೋಪ ಮಾಡಿಕೊಂಡರೆ ಅಡುಗೆಮನೆಯವರು ಏನು ಮಾಡಲಿಕ್ಕಾಗುತ್ತದೆ? ಮನೆಯಿಂದ ಕೆಟಲ್, ಕುಕ್ಕರ್, ಇಸ್ತ್ರಿಪೆಟ್ಟಿಗೆ ತರಬೇಡಿ. ಹಡಗಿನಲ್ಲಿ ಬೆಂಕಿಯ ಭಯ ಎಲ್ಲಕ್ಕಿಂತ ದೊಡ್ಡದು, ಬ್ಯಾಗ್ ಸ್ಕ್ಯಾನ್ ಮಾಡುವಾಗಲೇ ತೆಗೆದಿಡುತ್ತಾರೆ. ಬಿಸಿನೀರು ಬಫೆಯಲ್ಲಿ ಸಿಗುತ್ತದೆ, ಫ್ಲಾಸ್ಕ್ ತನ್ನಿ.

ಮಕ್ಕಳ ಕ್ಲಬ್ ಅನೇಕ ಹಡಗುಗಳಲ್ಲಿ 3 ವರ್ಷದಿಂದ ಶುರು, ಅದೂ ಟಾಯ್ಲೆಟ್ ಅಭ್ಯಾಸ ಆಗಿರಬೇಕು. ಹಾಗಾಗಿ ಮಗಳಿಗೆ ಸಿಗುವುದು ಕಷ್ಟ. ವಯಸ್ಸು ಸುಳ್ಳು ಹೇಳಬೇಡಿ, ಪಾಸ್‌ಪೋರ್ಟ್‌ನಲ್ಲಿ ಇರುತ್ತದೆ. ಮಗ ಆರಾಮಾಗಿ ಹೋಗಬಹುದು. ಅಲರ್ಜಿ, ಔಷಧಿ ಇದ್ದರೆ ಬರೆದುಕೊಡಿ, ಮುಚ್ಚುವ ಹೊತ್ತಿಗೆ ಸರಿಯಾಗಿ ಕರೆದುಕೊಂಡು ಬನ್ನಿ.

ಭಾರತದವರನ್ನು ಕಂಡು ಮುಖ ಸಿಂಡರಿಸುವವರು ಇದ್ದಾರಾ? ಇದ್ದಾರೆ, ಕೆಲವರು. ಅವರನ್ನು ನೀವು ಸರಿಮಾಡಲಾರಿರಿ. ಆದರೆ ಕೆಲವು ಸಲ ಕಾರಣ ನಾವೂ ಕೊಡುತ್ತೇವೆ. ನಲವತ್ತು ಜನರ ಗುಂಪು ರಾತ್ರಿ ಹನ್ನೆರಡಕ್ಕೆ ಕಾರಿಡಾರ್‌ನಲ್ಲಿ ನಿಂತು ನಾಳೆ ತಿಂಡಿ ಎಷ್ಟು ಗಂಟೆಗೆ ಅಂತ ಜೋರಾಗಿ ಚರ್ಚೆ ಮಾಡುವುದು, ಥಿಯೇಟರ್‌ನಲ್ಲಿ ದುಪಟ್ಟಾ ಹಾಸಿ ಒಂದು ಸಾಲು ಹಿಡಿಯುವುದು, ಬಸ್ಸಿನ ಕಿಟಕಿಯಿಂದ ಕರ್ಚೀಫ್ ಹಾಕಿದ ಹಾಗೆ. ಟವೆಲ್ ಹಾಸಿ ಕೊಳದ ಪಕ್ಕದ ಕುರ್ಚಿ ಹಿಡಿಯುವುದನ್ನು ಎಲ್ಲ ದೇಶದವರೂ ಮಾಡುತ್ತಾರೆ, ಅದೂ ಸರಿಯಲ್ಲ. ಮಗ ಲಿಫ್ಟ್‌ನಲ್ಲಿ ಎಲ್ಲ ಬಟನ್ ಒತ್ತಿದರೆ ವೀಲ್‌ಚೇರ್‌ನಲ್ಲಿ ಕಾಯುತ್ತಿರುವವರು ಇನ್ನೂ ಹತ್ತು ನಿಮಿಷ ಕಾಯಬೇಕು. ನಿಮ್ಮ ಅತ್ತೆಯವರ ಮಂಡಿ ನೋವನ್ನು ನೆನಪಿಸಿ ಹೇಳಿ, ಅರ್ಥ ಮಾಡಿಕೊಳ್ಳುತ್ತಾನೆ.

ಕೆಲಸದವರ ವಿಷಯ ಒಂದಿಷ್ಟು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ನಮಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಕೊಡಬೇಕು. ಅಂದರೆ ಉಳಿದ ಹೊತ್ತು ಕೆಲಸವೇ ಅಂತ ಇಟ್ಟುಕೊಳ್ಳಿ, ಏಳೆಂಟು ತಿಂಗಳು, ವಾರದ ರಜೆ ಇಲ್ಲದೆ. ಎದೆಯ ಮೇಲೆ ಹೆಸರು, ದೇಶ ಬರೆದ ಬಿಲ್ಲೆ ಇರುತ್ತದೆ. ಚಿಟಿಕೆ ಹೊಡೆದು 'ಏಯ್' ಅಂತ ಕರೆಯುವ ಬದಲು ಮಗ ಆ ಹೆಸರು ಓದಿ ಕರೆಯಲಿ. ಫಿಲಿಪ್ಪೀನ್ಸ್ ಎಲ್ಲಿದೆ, ಇಂಡೋನೇಷ್ಯಾ ಎಲ್ಲಿದೆ ಅಂತ ಕೇಳಲಿ. ಒಂದು ಸಲ ಒಂದು ಪುಟ್ಟ ಹುಡುಗಿ ನನ್ನ ಬಿಲ್ಲೆ ನೋಡಿ, ಆಮೇಲೆ ನನ್ನ ಮುಖ ನೋಡಿ, 'ಅಂಕಲ್ ನಿಮಗೆ ಕನ್ನಡ ಬರುತ್ತಾ?' ಅಂತ ಕೇಳಿದಳು. ಮನೆ ಬಿಟ್ಟು ಐದು ತಿಂಗಳಾಗಿತ್ತು. ನಾನು ನೀರಿನ ಜಗ್ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಟಿಪ್ಸ್ ಅಂತ ದಿನಕ್ಕೆ ತಲೆಗಿಷ್ಟು ನಿಮ್ಮ ಬಿಲ್‌ಗೆ ಸೇರುತ್ತದೆ, ಸಾಮಾನ್ಯವಾಗಿ ಮಕ್ಕಳಿಗೂ ಸೇರುತ್ತದೆ. ಕೊನೆಯ ದಿನ ಕೌಂಟರ್‌ಗೆ ಹೋಗಿ ಅದನ್ನು ತೆಗೆಸುವವರಿದ್ದಾರೆ. ನೀವು ಹಾಗೆ ಮಾಡಬೇಡಿ, ಮೊದಲೇ ಲೆಕ್ಕದಲ್ಲಿ ಹಿಡಿದುಬಿಡಿ.

ಕೊನೆಯ ರಾತ್ರಿ ದೊಡ್ಡ ಸೂಟ್‌ಕೇಸ್‌ಗಳನ್ನು ಬಾಗಿಲ ಹೊರಗೆ ಇಡಲು ಹೇಳುತ್ತಾರೆ, ಅವು ಮತ್ತೆ ನಿಮಗೆ ಸಿಗುವುದು ಬೆಳಿಗ್ಗೆ ಟರ್ಮಿನಲ್‌ನಲ್ಲೇ. ಮಗಳ ಡಯಾಪರ್, ಹಾಲಿನ ಬಾಟಲ್, ಬೆಳಗಿನ ಬಟ್ಟೆ, ಎಲ್ಲರ ಔಷಧಿ, ಪಾಸ್‌ಪೋರ್ಟ್ ಕೈಚೀಲದಲ್ಲಿ ಇಟ್ಟುಕೊಳ್ಳಿ. ಚಪ್ಪಲಿ ಕೂಡ. ಬರಿಗಾಲಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ಇಮಿಗ್ರೇಷನ್ ಸಾಲಿನಲ್ಲಿ ನಿಂತ ಅಪ್ಪಂದಿರನ್ನು ತುಂಬಾ ನೋಡಿದ್ದೇನೆ.