ಹಳೇ ಸರ್ವರ್ ಅನ್ನು ಮೂರು ತಿಂಗಳು ಮುಟ್ಟಬೇಡಿ

ಮೂವತ್ತು ಜನ ಗೆಳೆಯರ ಸೈಟುಗಳು ಒಂದೇ ಸರ್ವರ್‌ನಲ್ಲಿವೆ, ಅದರಲ್ಲಿ ಸೆಂಟ್‌ಒಎಸ್ 7 ಅನ್ನೋ ಹಳೇ ಆಪರೇಟಿಂಗ್ ಸಿಸ್ಟಂ ಇದೆ, ಇದ್ದಲ್ಲೇ ಅಪ್‌ಗ್ರೇಡ್ ಮಾಡೋದಾ, ಇಲ್ಲ ಉಬುಂಟು ಅಥವಾ ಆಲ್ಮಾಲಿನಕ್ಸ್ ಹಾಕಿದ ಹೊಸದಕ್ಕೆ ಹೋಗೋದಾ, ಅದೂ ಸೈಟ್ ಒಂದು ನಿಮಿಷವೂ ನಿಲ್ಲಬಾರದು ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ ನನಗೆ 2021ರ ಜನವರಿ ನೆನಪಾಯಿತು.

ನಮ್ಮದು 38 ಸೈಟ್ ಇತ್ತು. ಹೆಚ್ಚಿನವು ಕನ್ನಡ ಬ್ಲಾಗು. ಜೊತೆಗೆ ಒಂದು ಯಕ್ಷಗಾನ ತಂಡದ್ದು, ಎರಡು ಬಡಾವಣೆ ಸಂಘದ್ದು, ಮತ್ತೆ ಒಂದು ಸಣ್ಣ ಸಾಹಿತ್ಯ ಪತ್ರಿಕೆ. ವರ್ಷಕ್ಕೆ ತಲೆಗೆ 1,200 ರೂಪಾಯಿ. ಲೆಕ್ಕಪತ್ರ ಎಲ್ಲ ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುತ್ತಾ ಮುಗಿಯುತ್ತಿತ್ತು. ಸರ್ವರ್ ನೋಡಿಕೊಳ್ಳುತ್ತಿದ್ದವನು ನಾನೊಬ್ಬನೇ. ಸೆಂಟ್‌ಒಎಸ್ 6ಕ್ಕೆ 2020ರ ನವೆಂಬರ್ 30ಕ್ಕೆ ಅಪ್‌ಡೇಟ್ ನಿಂತಿತು. 8ಕ್ಕೆ ಹೋಗೋಣ ಅಂದುಕೊಂಡರೆ, ಅದನ್ನೂ 2021ರ ಕೊನೆಗೆ ನಿಲ್ಲಿಸುತ್ತೇವೆ ಅಂತ ಡಿಸೆಂಬರ್‌ನಲ್ಲಿ ಹೇಳಿಬಿಟ್ಟರು. ಹಾಗಾಗಿ ಹೊಸ ಸರ್ವರ್ ಬಾಡಿಗೆಗೆ ತಗೊಂಡು ಉಬುಂಟು 20.04 ಹಾಕಿದೆ. ಸೈಟು ನಡೆಸುವ ಭಾಷೆ ಪಿಎಚ್‌ಪಿ 5.6 ಹೋಗಿ 7.4 ಬಂತು, ಡೇಟಾಬೇಸ್ ಮೈಎಸ್‌ಕ್ಯೂಎಲ್ 8.0 ಬಂತು. ಇಲ್ಲಿಯವರೆಗೆ ಎಲ್ಲ ಸರಿ.

ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ನಿಮ್ಮಲ್ಲೂ ಅದೇ ಪರಿಸ್ಥಿತಿ ಇರುವ ಸಾಧ್ಯತೆ ಜಾಸ್ತಿ. ಆ ಪತ್ರಿಕೆಯ ಡೇಟಾಬೇಸ್ ಟೇಬಲ್‌ಗಳ ಅಕ್ಷರ ಸಂಕೇತ, ಅಂದರೆ ಅಕ್ಷರವನ್ನು ಬೈಟ್ ಆಗಿ ಬರೆದಿಡುವ ರೀತಿ, ಇಂಗ್ಲಿಷಿನಂಥ ಭಾಷೆಗಳ ಲ್ಯಾಟಿನ್1 ಅಂತ ಇತ್ತು. ಹಳೇ ಮೈಎಸ್‌ಕ್ಯೂಎಲ್‌ನಲ್ಲಿ ಡಿಫಾಲ್ಟೇ ಅದು. ಒಳಗಿದ್ದದ್ದು ಮಾತ್ರ ಯೂನಿಕೋಡ್ ಕನ್ನಡದ ಬೈಟ್‌ಗಳು. ಹಾಕಿದ್ದು ಹಾಗೇ ಹೊರಗೆ ಬರುತ್ತಿದ್ದರಿಂದ ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಹೊಸ ಸರ್ವರ್‌ನಲ್ಲಾದರೂ ಇದನ್ನು ನೆಟ್ಟಗೆ ಮಾಡೋಣ ಅಂತ ಡಂಪ್ ಫೈಲಿನಲ್ಲಿ (ಡೇಟಾಬೇಸ್ ಪೂರ್ತಿ ಬರೆದಿಟ್ಟ ಫೈಲು) ಲ್ಯಾಟಿನ್1 ಅಂತ ಇದ್ದ ಕಡೆಯೆಲ್ಲ ಯೂನಿಕೋಡ್‌ನ ಯುಟಿಎಫ್8ಎಂಬಿ4 ಅಂತ ಬದಲಾಯಿಸಿ ಇಂಪೋರ್ಟ್ ಮಾಡಿದೆ. ಒಂದೇ ಸಾಲಿನ ಕಮ್ಯಾಂಡ್.

ಕನ್ನಡದ ಒಂದು ಅಕ್ಷರ ಮೂರು ಬೈಟ್. ಗುಣಿತದ ಚಿಹ್ನೆಗೆ ಬೇರೆ ಮೂರು, ಒತ್ತಿಗೆ ಮತ್ತೆ ಬೇರೆ. ಡಂಪ್ ಮಾಡುವಾಗ ಆ ಮೂರು ಬೈಟನ್ನು ಮೂರು ಬೇರೆ ಬೇರೆ ಲ್ಯಾಟಿನ್ ಅಕ್ಷರ ಅಂತ ತಿಳಿದು ಮೈಎಸ್‌ಕ್ಯೂಎಲ್ ಇನ್ನೊಮ್ಮೆ ಯುಟಿಎಫ್8 ಮಾಡಿತ್ತು. ಮೂರಿದ್ದದ್ದು ಆರೋ ಏಳೋ ಬೈಟ್ ಆಯಿತು. ಟೆಕ್ಸ್ಟ್ ಕಾಲಮ್ ಹಿಡಿಯುವುದು 65,535 ಬೈಟ್ ಮಾತ್ರ. ಅದಕ್ಕಿಂತ ಉದ್ದ ಆದ ಲೇಖನದ ಬಾಲ ಕತ್ತರಿಸಿಹೋಯಿತು. ಎರರ್ ಕೂಡ ಬರಲಿಲ್ಲ, ಏಕೆಂದರೆ ಮೈಎಸ್‌ಕ್ಯೂಎಲ್‌ಡಂಪ್ ಬರೆಯುವ ಫೈಲಿನ ತಲೆಯಲ್ಲೇ ಸ್ಟ್ರಿಕ್ಟ್ ಮೋಡ್ (ಹಿಡಿಸದ್ದು ಬಂದರೆ ಎರರ್ ಕೊಡುವ ವ್ಯವಸ್ಥೆ) ತೆಗೆದುಹಾಕುವ ಸಾಲು ಇರುತ್ತದೆ. ಬರೀ ವಾರ್ನಿಂಗ್ ಬರುತ್ತದೆ, ಅದನ್ನೂ ನಾವು ಕೇಳದೆ ತೋರಿಸುವುದಿಲ್ಲ. ಟೇಬಲ್‌ಗೆ ಆಲ್ಟರ್ ಟೇಬಲ್ ಕೊಟ್ಟು ಕನ್ವರ್ಟ್ ಮಾಡಿದ್ದರೆ ಮೈಎಸ್‌ಕ್ಯೂಎಲ್ ತಾನಾಗಿಯೇ ಆ ಕಾಲಮ್ಮನ್ನು ಇನ್ನೂ ಹೆಚ್ಚು ಹಿಡಿಯುವ ಮೀಡಿಯಂಟೆಕ್ಸ್ಟ್‌ಗೆ ಏರಿಸುತ್ತಿತ್ತು. ಫೈಲಿನಲ್ಲಿ ಹೆಸರು ಬದಲಾಯಿಸಿದರೆ ಅದಕ್ಕೆ ಹೇಗೆ ಗೊತ್ತಾಗಬೇಕು?

ಪತ್ರಿಕೆಯ ಕೋಡ್‌ನಲ್ಲಿ ಡೇಟಾಬೇಸ್ ಕನೆಕ್ಷನ್ ಲ್ಯಾಟಿನ್1 ಅಂತಲೇ ಬರೆದಿಟ್ಟಿದ್ದರಿಂದ, ಹೊರಗೆ ಬರುವಾಗ ಎಲ್ಲ ತಿರುಗಿ ಸರಿಯಾದ ಕನ್ನಡವೇ ಆಗುತ್ತಿತ್ತು. ಇಪ್ಪತ್ತು ಪುಟ ತೆರೆದು ನೋಡಿದೆ, ಅಚ್ಚುಕಟ್ಟಾಗಿತ್ತು. ನೋಡಿದ್ದು ಪುಟದ ಮೇಲ್ಭಾಗ ಮಾತ್ರ. ಎರಡೂ ಕಡೆ ಸಾಲುಗಳ ಎಣಿಕೆ ತಾಳೆಯಾಯಿತು. ತಿಂಗಳ ಕೊನೆ ಬಂದಿತ್ತು. ಇನ್ನೊಂದು ತಿಂಗಳ ಬಾಡಿಗೆ 3,200 ರೂಪಾಯಿ ಸುಮ್ನೆ ಯಾಕೆ ಅಂತ ಹಳೇ ಸರ್ವರ್ ಅನ್ನು ಅಳಿಸಿಬಿಟ್ಟೆ.

ಮೂರು ವಾರ ಆದ ಮೇಲೆ ಬಸವನಗುಡಿಯಿಂದ ಫೋನ್. ಪತ್ರಿಕೆಗೆ ತಮ್ಮ ಅಜ್ಜಿಯ ಬಗ್ಗೆ ಉದ್ದುದ್ದ ಬರೆಯುತ್ತಿದ್ದ ನಿವೃತ್ತ ಟೀಚರ್ ಒಬ್ಬರು. "ಏನಪ್ಪಾ, ನಮ್ಮಜ್ಜಿ ಬಾವಿ ಹತ್ರಾನೇ ನಿಂತುಬಿಟ್ಟಿದ್ದಾರಲ್ಲ?" ಅಂದರು. ತೆರೆದು ಕೊನೆಯವರೆಗೆ ಹೋದೆ. "ಕೊಡಪಾನ ಇಳಿಸಿ ಬಾವಿಕಟ್" ಅಂತ ಇತ್ತು, ಆಮೇಲೆ ಕಪ್ಪು ವಜ್ರದಾಕಾರದೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಅಷ್ಟೇ. ಡೇಟಾಬೇಸ್ ಒಳಗೆ ನೋಡಿದರೆ ಕನ್ನಡವೇ ಇಲ್ಲ. ತಲೆ ಮೇಲೆ ಗೀಟು ಹಾಕಿದ ಇಂಗ್ಲಿಷ್ ಎ ಅಕ್ಷರ, ಪಕ್ಕದಲ್ಲಿ ಪುಟ್ಟ 2 ಅಥವಾ 3, ಪುಟದುದ್ದಕ್ಕೂ ಅದೇ.

ಬ್ಯಾಕಪ್ ಇತ್ತು. ಏಳು ದಿನದ್ದು. ಏಳಕ್ಕೆ ಏಳೂ ಬಾಲ ಕತ್ತರಿಸಿದ ಹೊಸ ಡಂಪ್‌ಗಳೇ.

ಒಟ್ಟು 17 ಬರಹ ಹೀಗಾಗಿದ್ದವು. ಆರು, ಹಳೇ ವೆಬ್ ಪುಟಗಳನ್ನು ಕಾಪಿಡುವ ವೇಬ್ಯಾಕ್ ಮಷಿನ್‌ನಲ್ಲಿ ಸಿಕ್ಕವು. ಐದು ಬರಹ ಲೇಖಕರ ಹತ್ತಿರ ಹಳೇ ನುಡಿ, ಬರಹ ತಂತ್ರಾಂಶಗಳ ಫೈಲುಗಳಲ್ಲಿದ್ದವು, ಯೂನಿಕೋಡ್‌ಗೆ ತಿರುಗಿಸಿ, ಕೆಟ್ಟುಹೋದ ಅರ್ಕಾವತ್ತುಗಳನ್ನು ಕೈಯಿಂದ ತಿದ್ದಿ ಹಾಕಿದೆ. ಟೀಚರ್ ಅವರ ಮೂರು ಬರಹ ನೋಟ್‌ಬುಕ್‌ನಲ್ಲಿದ್ದವು. ನಾಲ್ಕು ಭಾನುವಾರ ಮಾಸ್ಕ್ ಹಾಕಿಕೊಂಡು ಅವರ ಮನೆಗೆ ಹೋಗಿ ಬಾಗಿಲ ಹತ್ತಿರ ಕೂತೆ. ಅವರು ಓದಿದರು, ನಾನು ಟೈಪ್ ಮಾಡಿದೆ. ಒಮ್ಮೆಯೂ ಬೈಯಲಿಲ್ಲ. ಉಳಿದ ಮೂರು ಇನ್ನೊಬ್ಬ ಹಿರಿಯರವು, ಸೀದಾ ಸೈಟ್‌ನಲ್ಲೇ ಬರೆದಿದ್ದು. ಅವರು ಅಷ್ಟರಲ್ಲಿ ತೀರಿಕೊಂಡಿದ್ದರು. ಆ ಮೂರಕ್ಕೆ ಇವತ್ತಿಗೂ ಕೊನೆ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಉಬುಂಟುವಾ, ಆಲ್ಮಾವಾ ಅನ್ನೋದು ಅರ್ಧ ಗಂಟೆಯ ಮಾತು. ನಿಮಗೆ ಯಾವುದು ಕೈಗೆ ಪಳಗಿದೆಯೋ ಅದು. ಇದ್ದಲ್ಲೇ ಏರಿಸೋದು ಮಾತ್ರ ಬೇಡ. ಅದಕ್ಕೆ ಎಲಿವೇಟ್ ಅನ್ನೋ ಸಲಕರಣೆ ಇದೆ, ಗೊತ್ತು. ಆದರೆ ಹಾಗೆ ಮಾಡಿದರೆ ಹಳೇ ಸರ್ವರ್ ಅದೇ ರಾತ್ರಿ ಇಲ್ಲವಾಗುತ್ತದೆ. ಸೆಂಟ್‌ಒಎಸ್ 7ಕ್ಕೆ 2024ರ ಜೂನ್ 30ರಿಂದ ಅಪ್‌ಡೇಟ್ ಇಲ್ಲ, ಆದ್ದರಿಂದ ಹೊಸದಕ್ಕೆ ಹೋಗುವುದನ್ನು ಮುಂದೂಡಬೇಡಿ. ಹಳೆಯದಕ್ಕೆ ಹೊರಗಿನಿಂದ ಯಾರೂ ಬರದ ಹಾಗೆ ಫೈರ್‌ವಾಲ್ ಮುಚ್ಚಿ, ಮೂರು ತಿಂಗಳು ಹಾಗೇ ಇಡಿ. ಆ ಬಾಡಿಗೆಯನ್ನು ಎಲ್ಲರಿಂದ ಈಗಲೇ ವಸೂಲಿ ಮಾಡಿ. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಒಂದು ನಿಮಿಷವೂ ನಿಲ್ಲಬಾರದು ಅನ್ನೋ ಆಸೆಯನ್ನೂ ಬಿಡಿ. ಹಿಂದಿನ ದಿನ ಡಿಎನ್‌ಎಸ್ ಟಿಟಿಎಲ್ (ಸೈಟಿನ ವಿಳಾಸವನ್ನು ಬೇರೆ ಕಂಪ್ಯೂಟರುಗಳು ನೆನಪಿಟ್ಟುಕೊಳ್ಳುವ ಅವಧಿ) ಅನ್ನು 300 ಸೆಕೆಂಡಿಗೆ ಇಳಿಸಿ, ಒಂದು ಭಾನುವಾರ ಬೆಳಿಗ್ಗೆ ಎಲ್ಲ ಸೈಟ್ ಬಂದ್ ಮಾಡಿ ಆರಾಮಾಗಿ ಸಾಗಿಸಿ. ಮೂವತ್ತು ಜನಕ್ಕೆ ಮೊದಲೇ ಹೇಳಿದರೆ ಯಾರೂ ಏನೂ ಅನ್ನುವುದಿಲ್ಲ. ಸಾಲುಗಳ ಎಣಿಕೆ ನಂಬಬೇಡಿ, ಪ್ರತಿ ಟೆಕ್ಸ್ಟ್ ಕಾಲಮ್ಮಿನ ಚಾರ್‌ಲೆಂಗ್ತ್ (ಅಕ್ಷರಗಳ ಎಣಿಕೆ) ಕೂಡಿಸಿ ಎರಡೂ ಕಡೆ ಹೋಲಿಸಿ. ನಾನು ಅದೊಂದು ಮಾಡಿದ್ದರೆ ಆವತ್ತೇ ಸಿಕ್ಕಿಬೀಳುತ್ತಿತ್ತು. ಆಮೇಲೆ ಪ್ರತಿ ಸೈಟಿನವರಿಗೂ ಅವರ ಅತಿ ಉದ್ದದ ಪುಟ ತೆರೆದು ಕೊನೆಯ ಸಾಲು ಓದಿ ನಿಮಗೆ ಮೆಸೇಜ್ ಮಾಡಲು ಹೇಳಿ. ಮೂವತ್ತು ಮೆಸೇಜ್ ಬರುವವರೆಗೆ ಹಳೆಯದಕ್ಕೆ ಕೈ ಹಾಕಬೇಡಿ.

ಇವತ್ತು ರಾತ್ರಿ ಒಮ್ಮೆ ಮೈಎಸ್‌ಕ್ಯೂಎಲ್‌ನಲ್ಲಿ ಶೋ ಟೇಬಲ್ ಸ್ಟೇಟಸ್ ಕಮ್ಯಾಂಡ್ ಕೊಟ್ಟು ಕೊಲೇಷನ್ ಕಾಲಮ್ ನೋಡಿ. ಲ್ಯಾಟಿನ್1 ಅಂತ ಕಂಡರೆ ಏನನ್ನೂ ಬದಲಾಯಿಸುವ ಮುಂಚೆ ಇಲ್ಲೇ ತಿಳಿಸಿ, ಜೊತೆಗೆ ಕೂತು ಬಿಡಿಸೋಣ.